ಮಾಡಿಸಿದ್ದೋ, ಮಾಡಿಸಿಕೊಂಡಿದ್ದೋ

‘ದೀಕ್ಷೆ’ ತುಮಕೂರು ಸೀಮೆಗೆ ಹೊಸ ಮಾತಲ್ಲ. ಸಿದ್ಧಗಂಗಾ ಮಠವಿರುವ ಊರಿದು. ಇಲ್ಲಿ ಲಿಂಗದೀಕ್ಷೆ ಉಂಟು, ಸನ್ಯಾಸದೀಕ್ಷೆ ಉಂಟು; ಹಿಡಿದ ಕೆಲಸ ಬಿಡದವನನ್ನು ದೀಕ್ಷೆ ತೊಟ್ಟವನು ಅನ್ನುವುದೂ ಉಂಟು. ಕ್ರೈಸ್ತರು ಇದಕ್ಕೆ ಸ್ನಾನ ಸೇರಿಸಿ ‘ದೀಕ್ಷಾಸ್ನಾನ’ ಎಂದರು. ಕ್ಯಾಥೊಲಿಕರ ಬಾಯಲ್ಲಿ ಅದು ಹಿಂದುಮುಂದಾಗಿ ‘ಸ್ನಾನದೀಕ್ಷೆ’, ಮನೆಮಾತಿನಲ್ಲಿ ‘ಜ್ಞಾನಸ್ನಾನ’. ಹೆಸರಿನ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರೆಲ್ಲ ಅದರ ಬೆನ್ನಿಗೆ ಬರುವ ಕ್ರಿಯಾಪದದ ಮೇಲೆ.

ಇದೇ ಊರಿನ ಸದಾಶಿವನಗರದ ಒಂದು ಮನೆ. ಅಜ್ಜಿ ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯವರು. ಕೆಲಸಕ್ಕೆ ಸೇರಿರುವ ಮೊಮ್ಮಗ ಈಗ ಪೆಂತೆಕೋಸ್ತ್ ಸಭೆಗೆ ಹೋಗುತ್ತಾನೆ. ತೊಟ್ಟಿಯಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಳ್ತೀನಿ ಅಂದ ದಿನ ಅಜ್ಜಿ ಬೈಬಲಿನೊಳಗಿಂದ ಒಂದು ಸರ್ಟಿಫಿಕೇಟ್ ತೆಗೆದರು. ಮಡಿಕೆ ಮಡಿಕೆಯಲ್ಲೂ ಸವೆದ ಕಾಗದ.

“ನೀನು ಮೂರು ತಿಂಗಳ ಮಗು ಆಗಿದ್ದಾಗಲೇ ಆಗಿದೆಯಲ್ಲೋ.”

“ಅದು ನೀವು ಮಾಡಿಸಿದ್ದು ಅಜ್ಜಿ. ನಾನು ಮಾಡಿಸಿಕೊಂಡಿದ್ದಲ್ಲ.”

ಈ ಒಂದು ‘ಕೊಂಡಿದ್ದು’ ಹಿಡಿದು ಲೋಕದ ಕ್ರೈಸ್ತರು ನೂರಾರು ವರ್ಷ ವಾದ ಮಾಡಿದ್ದಾರೆ. ಹುಡುಗನ ಕಡೆಯವರು ಮಾರ್ಕನ ಕೊನೆಯ ಅಧ್ಯಾಯ ತೆಗೆಯುತ್ತಾರೆ: ಮೊದಲು ನಂಬಿಕೆ, ಆಮೇಲೆ ಸ್ನಾನ. ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಫಿಲಿಪ್ಪನೂ ಇಥಿಯೋಪಿಯದ ಅಧಿಕಾರಿಯೂ ನೀರಿಗೇ ಇಳಿಯುತ್ತಾರೆ. ಅಜ್ಜಿಯ ಕಡೆಯವರು ಅದೇ ಪುಸ್ತಕದ ಹದಿನಾರನೇ ಅಧ್ಯಾಯಕ್ಕೆ ಹೋಗುತ್ತಾರೆ. ಲುದ್ಯಳ ಮನೆಯವರೆಲ್ಲರಿಗೂ ಸ್ನಾನವಾಯಿತು, ಫಿಲಿಪ್ಪಿಯ ಸೆರೆಯ ಯಜಮಾನನ ಮನೆಯವರಿಗೂ ಆಯಿತು. ಆ ಮನೆಗಳಲ್ಲಿ ಕೂಸುಗಳಿದ್ದವೇ? ಗ್ರಂಥ ಹೇಳುವುದಿಲ್ಲ. ಅಲ್ಲಿಯ 34ನೇ ವಚನವನ್ನಂತೂ ಎರಡು ರೀತಿ ಓದಬಹುದು: ಮನೆಮಂದಿಯೆಲ್ಲ ನಂಬಿದರು ಎಂದೂ ಆಗುತ್ತದೆ, ಅವನು ನಂಬಿದ್ದಕ್ಕೆ ಮನೆಮಂದಿಯೆಲ್ಲ ಸಂತೋಷಪಟ್ಟರು ಎಂದೂ ಆಗುತ್ತದೆ. ಗ್ರಂಥ ಸುಮ್ಮನಿರುವ ಕಡೆ ಇಬ್ಬರೂ ತಮ್ಮ ತಮ್ಮ ಸಭೆಯ ದನಿಯನ್ನೇ ಕೇಳಿಸಿಕೊಳ್ಳುತ್ತಾರೆ ಎಂದು ನನಗನ್ನಿಸುತ್ತದೆ.

ಈ ವಾದಕ್ಕೆ ಅನುವಾದಕರೂ ಸಿಕ್ಕಿಬಿದ್ದಿದ್ದಾರೆ. 1830ರ ದಶಕದಲ್ಲಿ ಕಲ್ಕತ್ತೆಯ ಬ್ಯಾಪ್ಟಿಸ್ಟ್ ಮಿಷನರಿಗಳು ಬಂಗಾಳಿ ಹೊಸ ಒಡಂಬಡಿಕೆಯಲ್ಲಿ ದೀಕ್ಷಾಸ್ನಾನದ ಪದಕ್ಕೆ ಮುಳುಗಿಸುವುದು ಎಂಬ ಅರ್ಥವನ್ನೇ ಖಚಿತವಾಗಿ ಇಟ್ಟರು. ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಅದಕ್ಕೆ ಹಣ ಕೊಡಲು ಒಪ್ಪಲಿಲ್ಲ. 1840ರಲ್ಲಿ ಬ್ಯಾಪ್ಟಿಸ್ಟರು ತಮ್ಮದೇ ಬೈಬಲ್ ಟ್ರಾನ್ಸ್‌ಲೇಶನ್ ಸೊಸೈಟಿ ಕಟ್ಟಿಕೊಂಡರು. ಕನ್ನಡದ ಸ್ನಾನ ಅಷ್ಟು ಕಟ್ಟುನಿಟ್ಟಲ್ಲ. ಹೊಳೆಯಲ್ಲಿ ಮುಳುಗಿದರೂ ಸ್ನಾನ, ತಲೆಗೆ ಚೊಂಬು ನೀರು ಹಾಕಿಕೊಂಡರೂ ಸ್ನಾನ.

ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ಮುಂದೆ ಸಿ.ಎಸ್.ಐ.ಗೆ ಸೇರಿಹೋದ ವೆಸ್ಲಿಯನ್ ಮಿಷನ್ ಶುರುವಾದದ್ದು 1837ರಲ್ಲಿ, ಮಿಷನರಿ ಥಾಮಸ್ ಹಾಡ್ಸನ್ ಕಾಲದಲ್ಲಿ. ವೆಸ್ಲಿಯನ್ನರು ಕೂಸುಗಳಿಗೂ ದೀಕ್ಷಾಸ್ನಾನ ಕೊಡುವವರು. ಆದರೂ ಹೊಸದಾಗಿ ನಂಬಿ ಬಂದವರು ದೊಡ್ಡವರಾದ ಮೇಲೆಯೇ ಅದನ್ನು ಪಡೆದರು. ಹಾಡ್ಸನ್ 1877ರಲ್ಲಿ ಪುಸ್ತಕ ಬರೆದದ್ದು ಅಂಥ ಒಬ್ಬ ಡೇನಿಯಲ್ ಬಗ್ಗೆಯೇ. ಅವರ ಮಕ್ಕಳ ಕಾಲಕ್ಕೆ ‘ಮಾಡಿಸಿಕೊಳ್ಳುವುದು’ ಹೋಗಿ ‘ಮಾಡಿಸುವುದು’ ಬಂತು. ಇನ್ನೊಂದು ಸಂಗತಿ: 1839ರಲ್ಲಿ ಭಾರತಕ್ಕೆ ಬಂದು ಗುಬ್ಬಿಯಲ್ಲಿ ದುಡಿದ ವಿಲಿಯಂ ಆರ್ಥರ್ ಮುಂದೆ 1856ರಲ್ಲಿ ‘ದಿ ಟಂಗ್ ಆಫ್ ಫೈರ್’ ಬರೆದರು. ಅದರ ವಸ್ತು, ಮೊಮ್ಮಗನ ಸಭೆಗೆ ಹೆಸರು ಕೊಟ್ಟ ಪೆಂತೆಕೋಸ್ತ್ ದಿನದ ಬೆಂಕಿಯ ನಾಲಗೆ. ಅಜ್ಜಿಯ ಸಭೆಯೂ ಮೊಮ್ಮಗನ ಸಭೆಯೂ ದೂರದವಲ್ಲ, ದಾಯಾದಿಗಳು.

ದೀಕ್ಷೆ ಎಂಬ ಮಾತಿನಲ್ಲಿ ಇಬ್ಬರಿಗೂ ಜಾಗವಿದೆ. ಈ ನಾಡಿನ ವೀರಶೈವ ಮನೆಗಳಲ್ಲಿ ಕೂಸಿಗೇ ಲಿಂಗ ಕಟ್ಟುತ್ತಾರೆ, ಬೆಳೆದ ಮೇಲೆ ದೀಕ್ಷೆ ಕೊಡುತ್ತಾರೆ. ನಮ್ಮಲ್ಲೂ ಕೂಸಿಗೆ ಸ್ನಾನವಾದರೆ, ತಿಳಿವಳಿಕೆ ಬಂದ ಮೇಲೆ ದೃಢೀಕರಣವಿದೆ. ತಂದೆತಾಯಿ ಅಂದು ಆಡಿದ ಮಾತನ್ನು ಮಗು ತಾನೇ ಆಡುವ ದಿನ ಅದು. ಅದನ್ನು ಎಷ್ಟೋ ಸಲ ನಾವು ಶಾಲೆಯ ಕಿರುಪರೀಕ್ಷೆಯಂತೆ ಮುಗಿಸಿಬಿಡುತ್ತೇವೆ. ಹುಡುಗರು ತೊಟ್ಟಿ ಹುಡುಕಿಕೊಂಡು ಹೋಗುವುದಕ್ಕೆ ಇದೂ ಒಂದು ಕಾರಣ.

1970ರಲ್ಲಿ ನಾಗಪುರದಲ್ಲಿ ರೂಪುಗೊಂಡ ಉತ್ತರ ಭಾರತ ಸಭೆ ಬ್ಯಾಪ್ಟಿಸ್ಟರನ್ನೂ ಸೇರಿಸಿಕೊಂಡು ಕೂಸಿನ ಸ್ನಾನ, ನಂಬಿದವರ ಸ್ನಾನ ಎರಡೂ ಪದ್ಧತಿಗಳನ್ನು ಒಪ್ಪಿತು. 1982ರಲ್ಲಿ ಲೀಮಾದಲ್ಲಿ ಸೇರಿದ ಸಭೆಗಳ ವಿಶ್ವ ಮಂಡಳಿಯ ದೇವಶಾಸ್ತ್ರಜ್ಞರು, ಒಮ್ಮೆ ಆದ ದೀಕ್ಷಾಸ್ನಾನವನ್ನು ಮತ್ತೆ ಮಾಡುವುದು ಬೇಡ ಎಂದರು. ನನ್ನ ಮನಸ್ಸೂ ಅದೇ ಕಡೆ. ಮೊಮ್ಮಗನ ಪ್ರಶ್ನೆ ನ್ಯಾಯವಾದದ್ದು; ಅದಕ್ಕೆ ಉತ್ತರ ಕೊಡಬೇಕಾದವರು ಅಜ್ಜಿಯ ಸಭೆಯವರು. ಮೊಮ್ಮಗನ ಪಾಸ್ಟರ್ ಹತ್ತಿರವೂ ಒಂದು ಬೇಡಿಕೆ ಇದೆ: ತೊಟ್ಟಿಗೆ ನೀರು ತುಂಬಿಸುವ ಮುಂಚೆ ಒಮ್ಮೆ ಸದಾಶಿವನಗರದ ಆ ಮನೆಗೆ ಬನ್ನಿ, ಅಜ್ಜಿಯ ಎದುರು ಕೂತು ಹದಿನಾರನೇ ಅಧ್ಯಾಯ ಓದಿ. ಆ ಸರ್ಟಿಫಿಕೇಟನ್ನು ಸುಳ್ಳು ಕಾಗದ ಅನ್ನಬೇಡಿ.