ಎಳನೀರಿನ ಪಥ್ಯ: ಬಿಪಿ ಮಾತ್ರೆ ಮತ್ತು ಪೊಟ್ಯಾಸಿಯಂ ಕುರಿತು ಒಂದು ಮರುಪರಿಶೀಲನೆ

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಬಿಪಿ ಮಾತ್ರೆ ಶುರುಮಾಡಿದವರಿಗೆ ಎರಡು ಬುದ್ಧಿಮಾತು ಒಟ್ಟಿಗೇ ಸಿಗುತ್ತವೆ. ‘ದಿನಾ ಒಂದು ಎಳನೀರು ಕುಡೀರಿ, ಬಿಪಿ ಇಳಿಯುತ್ತೆ’ ಎನ್ನುವುದು ಒಂದು. ‘ಬಿಪಿ ಮಾತ್ರೆ ನುಂಗೋರು ಎಳನೀರು ಮುಟ್ಟಲೇಬಾರದು’ ಎನ್ನುವುದು ಇನ್ನೊಂದು. ತೋಟದಲ್ಲೇ ಕಾಯಿ ಇಳಿಸಿ ಕುಡಿಯುವ ಈ ತೆಂಗಿನ ಸೀಮೆಯಲ್ಲಿ ಇದು ಬರೀ ಹರಟೆಯ ವಿಷಯವಲ್ಲ. ಎರಡು ಮಾತಿಗೂ ವೈದ್ಯಕೀಯ ಪತ್ರಿಕೆಗಳಲ್ಲಿ ಆಧಾರವಿದೆ. ಆದರೆ ಆ ಆಧಾರಗಳಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಹೋಗಲಾಗದು ಎಂಬುದು ಈ ಲೇಖನದ ವಾದ.

ತಕರಾರಿಲ್ಲದ ಸಂಗತಿಗಳನ್ನು ಬೇಗ ದಾಟಬಹುದು. ಏರಿದ ರಕ್ತದೊತ್ತಡಕ್ಕೆ ಸರ್ಪಗಂಧವನ್ನು ಬಳಸುವ ಬಗ್ಗೆ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅದನ್ನು ಲೋಕದ ಮುಂದಿಟ್ಟರು. ಇಂದು ಔಷಧಿಗೆ ಕೊರತೆಯಿಲ್ಲ, ರೋಗಿಗಳಿಗೂ ಇಲ್ಲ: 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಊಟದಲ್ಲಿ ಉಪ್ಪಿನ ಸೋಡಿಯಂ ತಗ್ಗಿ ಪೊಟ್ಯಾಸಿಯಂ ಹೆಚ್ಚಿದರೆ ಒತ್ತಡ ಇಳಿಯುತ್ತದೆ ಎಂಬುದೂ ಇತ್ಯರ್ಥವಾದ ವಿಷಯ. ಚೀನಾದ 600 ಹಳ್ಳಿಗಳಲ್ಲಿ 20,995 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು.

ತಕರಾರು ಶುರುವಾಗುವುದು ಎಳನೀರಿನಿಂದ.

ಎಳನೀರಿನ ಪರವಾಗಿ ಪದೇಪದೇ ಉಲ್ಲೇಖವಾಗುವುದು ಟ್ರಿನಿಡಾಡ್‌ನ ಅಲೆಯ್ನ್ ಮತ್ತು ಸಂಗಡಿಗರು 2005ರಲ್ಲಿ ವೆಸ್ಟ್ ಇಂಡಿಯನ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ. ಎಳನೀರು ಕುಡಿದವರ ಪೈಕಿ ಶೇ. 71 ಮಂದಿಯಲ್ಲಿ ಮೇಲಿನ ಒತ್ತಡ ಗಣನೀಯವಾಗಿ ಇಳಿಯಿತು ಎಂಬುದು ಅದರ ಸಾರ. ಸಂಖ್ಯೆ ಭರ್ಜರಿಯಾಗಿಯೇ ಇದೆ. ಆದರೆ ಅಧ್ಯಯನದಲ್ಲಿದ್ದವರು ಒಟ್ಟು 28 ಜನ, ಅವರಲ್ಲಿ ನಾಲ್ಕು ಗುಂಪು, ಅವಧಿ ಎರಡು ವಾರ. ಅಂದರೆ ಎಳನೀರಿನ ಗುಂಪಿನಲ್ಲಿ ಏಳು ಜನ; ಶೇ. 71 ಎಂದರೆ ಅವರಲ್ಲಿ ಐವರು. ಕೆಳಗಿನ ಒತ್ತಡ ಇಳಿದದ್ದು ಶೇ. 29 ಮಂದಿಯಲ್ಲಿ, ಎಂದರೆ ಇಬ್ಬರಲ್ಲಿ. ಅಲೆಯ್ನ್ ಅವರ ಅಳತೆಯನ್ನು ಇಲ್ಲಿ ಯಾರೂ ಅನುಮಾನಿಸಬೇಕಿಲ್ಲ. ಆದರೆ ಈ ಐವರ ಮೇಲೆ ಮಾತ್ರೆಯ ಬದಲು ಎಳನೀರು ಎಂಬ ಸಲಹೆಯನ್ನು ಕಟ್ಟಲಾಗದು.

ವಿರೋಧ ಪಕ್ಷದ ಆಧಾರ ಇನ್ನೂ ತೆಳು. 2014ರಲ್ಲಿ ಹಕೀಮಿಯನ್ ಮತ್ತು ಸಂಗಡಿಗರು ಅಮೆರಿಕದ ಹೃದಯರೋಗ ಪತ್ರಿಕೆಯೊಂದರಲ್ಲಿ ವರದಿ ಮಾಡಿದ್ದು ಒಬ್ಬನೇ ವ್ಯಕ್ತಿಯ ಪ್ರಕರಣ. ಬಿಸಿಲಲ್ಲಿ ದಿನವಿಡೀ ಟೆನಿಸ್ ಆಡಿದ 42 ವರ್ಷದ ಆತ ಎಂಟು ಬಾಟಲಿ, ಸುಮಾರು 2.6 ಲೀಟರ್ ಎಳನೀರು ಕುಡಿದು ಕುಸಿದುಬಿದ್ದ. ರಕ್ತದ ಪೊಟ್ಯಾಸಿಯಂ 6.9 ಇತ್ತು; ಅದು ಸಾಮಾನ್ಯವಾಗಿ 3.5ರಿಂದ 5ರೊಳಗೆ ಇರಬೇಕು. ಲೆಕ್ಕ ಹಾಕೋಣ. ನೂರು ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ; ಕಾಯಿ ಬಲಿತ ಮಟ್ಟ, ತಳಿ, ಮಣ್ಣು ಇವಕ್ಕೆ ತಕ್ಕಂತೆ ಏರುಪೇರೂ ಇರುತ್ತದೆ. 300–400 ಮಿಲಿಲೀಟರ್ ನೀರಿರುವ ಕಾಯಿಯಿಂದ ಮುಕ್ಕಾಲು ಗ್ರಾಂನಿಂದ ಒಂದು ಗ್ರಾಂ. ಆ ಆಟಗಾರ ಕುಡಿದದ್ದು ಆರೂವರೆ ಗ್ರಾಂನಷ್ಟು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ ಮೂರೂವರೆ ಗ್ರಾಂ ಬೇಕೆನ್ನುತ್ತದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲೇ 400 ಮಿಲಿಗ್ರಾಂ ಆಸುಪಾಸು ಇರುವಾಗ, ಎರಡು ಮುದ್ದೆ ಉಂಡವರನ್ನು ಯಾರೂ ಹೆದರಿಸುವುದಿಲ್ಲ.

ಹಾಗಾದರೆ ಹೆದರಿಕೆ ಸುಳ್ಳೇ? ಅದೂ ಅಲ್ಲ. ಎರಡೂ ಕಡೆಯವರು ಮರೆಯುವ ಪ್ರಶ್ನೆ ಒಂದೇ: ಯಾವ ಮಾತ್ರೆ?

‘ಬಿಪಿ ಮಾತ್ರೆ’ ಎಂಬುದು ಒಂದು ಔಷಧಿಯಲ್ಲ. 2017ರಲ್ಲಿ ಆರಂಭವಾದ ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಡಿ ಹಲವು ರಾಜ್ಯಗಳಲ್ಲಿ ಮೊದಲು ಅಮ್ಲೋಡಿಪೈನ್ ಕೊಡುತ್ತಾರೆ, ಅದು ಸಾಲದಿದ್ದರೆ ಟೆಲ್ಮಿಸಾರ್ಟನ್. ಅಮ್ಲೋಡಿಪೈನ್ ರಕ್ತನಾಳಗಳನ್ನು ಸಡಿಲಿಸುತ್ತದೆ. ಪೊಟ್ಯಾಸಿಯಂ ತಂಟೆಗೆ ಹೋಗುವುದಿಲ್ಲ. ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಲಾಪ್ರಿಲ್‌ಗಳ ದಾರಿಯೇ ಬೇರೆ. ಅವು ಅಲ್ಡೋಸ್ಟೆರಾನ್ ಹಾರ್ಮೋನನ್ನು ತಗ್ಗಿಸುವುದರಿಂದ ಮೂತ್ರದಲ್ಲಿ ಹೋಗಬೇಕಾದ ಪೊಟ್ಯಾಸಿಯಂ ಸ್ವಲ್ಪ ಒಳಗೇ ಉಳಿಯುತ್ತದೆ. ಸ್ಪೈರೋನೊಲ್ಯಾಕ್ಟೋನ್ ಈ ಕೆಲಸವನ್ನು ಇನ್ನೂ ಬಲವಾಗಿ ಮಾಡುತ್ತದೆ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ತಾಲಿಡೋನ್ ಎಂಬ ಮೂತ್ರದ ಮಾತ್ರೆಗಳದ್ದು ತದ್ವಿರುದ್ಧ ಗುಣ: ಪೊಟ್ಯಾಸಿಯಂ ಹೊರಹೋಗುತ್ತದೆ.

ಔಷಧಿ ಅಂಗಡಿಯ ಕಟ್ಟೆಯ ಮೇಲೆ ಈ ವ್ಯತ್ಯಾಸ ಒಂದೆರಡು ಅಕ್ಷರಗಳಲ್ಲಿ ಅಡಗಿರುತ್ತದೆ. ಟೆಲ್ಮಾ ಎಂದರೆ ಬರೀ ಟೆಲ್ಮಿಸಾರ್ಟನ್. ‘ಎಎಂ’ ಸೇರಿದರೆ ಜತೆಗೆ ಅಮ್ಲೋಡಿಪೈನ್, ‘ಎಚ್’ ಸೇರಿದರೆ ಮೂತ್ರದ ಮಾತ್ರೆ. ಹತ್ತರ ಪಟ್ಟಿಯಲ್ಲಿ ಐದನ್ನೇ ಕೇಳಿದವರಿಗೆ ಅಂಗಡಿಯವರು ಕತ್ತರಿಸಿ ಕೊಡುತ್ತಾರೆ. ಹೆಸರಿನ ಅರ್ಧ ಇನ್ನೊಬ್ಬರ ಜೇಬು ಸೇರುತ್ತದೆ. ಉಳಿದ ತುಂಡನ್ನು ಹಿಡಿದು ‘ಬಿಳಿ ಮಾತ್ರೆ, ಬೆಳಗ್ಗೆ ಒಂದು’ ಎನ್ನುವವರಿಗೆ ಎಳನೀರಿನ ಬಗ್ಗೆ ಯಾವ ವೈದ್ಯರೂ ಖಚಿತ ಉತ್ತರ ಕೊಡಲಾರರು. ಇಡೀ ಪಟ್ಟಿಯನ್ನೇ ಕೊಳ್ಳುವುದು, ಇಲ್ಲವೇ ಚೀಟಿಯನ್ನು ಜತೆಗಿಟ್ಟುಕೊಳ್ಳುವುದು ಪಥ್ಯಕ್ಕಿಂತ ಮೊದಲು ಆಗಬೇಕಾದ ಕೆಲಸ.

ಈಗ ಲೇಖನದ ಮುಖ್ಯ ಹೇಳಿಕೆ: ಮೂತ್ರಪಿಂಡ ಸರಿಯಿದ್ದು ಅಮ್ಲೋಡಿಪೈನ್ ಒಂದನ್ನೇ ನುಂಗುವವರಿಗೆ ಎಳನೀರನ್ನು ನಿಷೇಧಿಸಲು ಆಧಾರವಿಲ್ಲ, ಟೆಲ್ಮಿಸಾರ್ಟನ್ ನುಂಗುವವರಿಗೂ, ರಕ್ತಪರೀಕ್ಷೆ ಸರಿಯಿದ್ದರೆ, ಆಗೊಂದು ಈಗೊಂದು ಕಾಯಿ ಅಪಾಯವೆನ್ನುವುದು ಕಷ್ಟ. ಈ ಮಾತಿಗೆ ಷರತ್ತುಗಳಿವೆ, ಅವು ಸಣ್ಣವಲ್ಲ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿದ್ದರೆ, ಸ್ಪೈರೋನೊಲ್ಯಾಕ್ಟೋನ್ ಜತೆಗಿದ್ದರೆ ಇದು ಅನ್ವಯಿಸದು. ಮಂಡಿನೋವಿಗೆಂದು ಚೀಟಿಯಿಲ್ಲದೆ ಡೈಕ್ಲೋಫೆನಾಕ್ ನುಂಗುವವರಿಗೂ ಅನ್ವಯಿಸದು. ಆ ನೋವಿನ ಮಾತ್ರೆ ಒತ್ತಡವನ್ನೂ ಏರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ವಾಂತಿ-ಭೇದಿಯಲ್ಲಿ ನಿತ್ರಾಣವಾದಾಗ ಎಳನೀರನ್ನೇ ಸಾಲಾಗಿ ಕುಡಿಸುವ ರೂಢಿಯನ್ನಂತೂ ಬೇರೆಯಾಗಿಯೇ ನೋಡಬೇಕು. ಮೈಯಲ್ಲಿ ನೀರು ಕಡಿಮೆಯಾಗಿ ಮೂತ್ರ ತಗ್ಗಿದ ಹೊತ್ತಿನಲ್ಲಿ ಟೆಲ್ಮಿಸಾರ್ಟನ್ ಮತ್ತು ಪೊಟ್ಯಾಸಿಯಂ ಕೂಡಿದರೆ ಹೃದಯದ ಲಯಕ್ಕೇ ಸಂಚಕಾರ. ಅಂಥ ದಿನ ಮಾತ್ರೆಯನ್ನು ಹೇಗೆ ಮುಂದುವರಿಸಬೇಕೆಂದು ವೈದ್ಯರನ್ನೇ ಕೇಳಬೇಕು. ಪೊಟ್ಯಾಸಿಯಂ ಏರಿದ್ದು ಮೈಗೆ ಗೊತ್ತಾಗಲೇಬೇಕೆಂದಿಲ್ಲ. ಕೈಕಾಲು ಸೋಲುವಷ್ಟರಲ್ಲಿ ತಡವಾಗಿರಬಹುದು. ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ಶುರುವಾದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕೆನ್ನುವುದು ಇದಕ್ಕೇ.

ಚೀನಾದ ಪ್ರಯೋಗದಲ್ಲಿ ಪೊಟ್ಯಾಸಿಯಂ ಅಪಾಯ ಹೆಚ್ಚಲಿಲ್ಲವಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಗಂಭೀರ ಮೂತ್ರಪಿಂಡ ರೋಗವಿದ್ದವರನ್ನು, ಸ್ಪೈರೋನೊಲ್ಯಾಕ್ಟೋನ್‌ನಂಥ ಮಾತ್ರೆ ನುಂಗುವವರನ್ನು ಅದರಿಂದ ಮೊದಲೇ ಹೊರಗಿಟ್ಟಿದ್ದರು. ಒಳಗಿದ್ದವರ ರಕ್ತವನ್ನೂ ಕಾಲಕಾಲಕ್ಕೆ ಪರೀಕ್ಷಿಸಲಿಲ್ಲ. ಕಂತೆ ಕಂತೆಯಾಗಿ ಬರುವ, ಪೊಟ್ಯಾಸಿಯಂ ಬೆರೆತ ‘ಲೋ ಸೋಡಿಯಂ’ ಉಪ್ಪಿನ ಜಾಹೀರಾತುಗಳು ಈ ಭಾಗವನ್ನು ಹೇಳುವುದಿಲ್ಲ.

ಇತ್ಯರ್ಥವಾಗದೆ ಉಳಿಯುವುದು ಪ್ರಮಾಣದ ಪ್ರಶ್ನೆ. ಟೆಲ್ಮಿಸಾರ್ಟನ್ ನುಂಗುವವರು ಬೇಸಿಗೆಯ ಎರಡು-ಮೂರು ತಿಂಗಳು ದಿನಕ್ಕೆ ಎರಡು ಕಾಯಿಯಂತೆ ಕುಡಿದರೆ ಪೊಟ್ಯಾಸಿಯಂ ಎಷ್ಟು ಏರುತ್ತದೆ ಎಂಬುದಕ್ಕೆ ಏಳು ಜನರ ಅಧ್ಯಯನವೂ ಒಬ್ಬನ ಪ್ರಕರಣವೂ ಉತ್ತರಿಸವು. ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಿಗೆ ತಿಂಗಳ ಮಾತ್ರೆಗೆ ಬರುವವರಲ್ಲಿ ತೋಟವಿದ್ದವರನ್ನೂ ಇಲ್ಲದವರನ್ನೂ ಆರಿಸಿ, ಶಿವರಾತ್ರಿಯ ಆಚೆಗೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ರಕ್ತ ಪರೀಕ್ಷಿಸಿದರೆ ಉತ್ತರದ ಒಂದು ಭಾಗವಾದರೂ ಸಿಕ್ಕೀತು.