ಬಾಯಿಬಡಕಿ ಅನ್ನಿಸಿಕೊಂಡವರ ಮಾತು

ಇಂಡಿ, ಸಿಂದಗಿ ಕಡೆ ಮಾತು ಹೆಚ್ಚಾಡುವವರಿಗೆ ಇಟ್ಟ ಹೆಸರು ಒಂದೆರಡಲ್ಲ. ಗಂಡಸು ಹರಟಿಮಲ್ಲ. ಕೂಸು ವಟವಟ ಅಂತದ, ಮುದುಕ ತಲಿ ತಿಂತಾನ. ಅಗಸಿಕಟ್ಟೆಯ ಮೇಲೆ ಕೂತ ಗೆಳೆಯರು ಗಪ್ಪಾ ಹೊಡಿತಾರ. ಅಷ್ಟೇ ಮಾತನ್ನು ಹೆಂಗಸು ಆಡಿದರೆ ಆಕೆ ಬಾಯಿಬಡಕಿ. ಮುದ್ದೇಬಿಹಾಳ ತಾಲ್ಲೂಕಿನ ತವರಿನಲ್ಲೂ ಇಂಡಿಯ ಅತ್ತೆಮನೆಯಲ್ಲೂ ನಾನು ಈ ಕೊನೆಯ ಹೆಸರನ್ನೇ ಹೆಚ್ಚು ಕೇಳಿದ್ದು. ‘ಗಪ್ ಕುಂದ್ರ’ ಎಂದರೆ ಅಲ್ಲಿಗೆ ಮುಗಿಯಿತು. ಗಪ್ಪಾ ಎಂದರೆ ಹರಟೆ, ಗಪ್ ಎಂದರೆ ಮೌನ; ಎರಡೂ ನಮಗೆ ಮರಾಠಿಯಿಂದ ಬಂದವು. ಸೊಲ್ಲಾಪುರ ಪಕ್ಕದಲ್ಲೇ ಇದೆ, 1956ರವರೆಗೆ ನಮ್ಮ ವಿಜಯಪುರ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಕನ್ನಡದ ದೊಡ್ಡ ಆಸ್ತಿ, ನನಗದರ ಮೇಲೆ ಗೌರವವಿದೆ. ಆದರೆ ಹರಟು, ಗಳಪು ಎಂಬ ಮಾತುಗಳಿಗೆ ಅದು ಇಂಗ್ಲಿಷಿನಲ್ಲಿ ಕೊಡುವುದೂ ಬರಿದೆ ಬಡಬಡಿಸುವ ಅರ್ಥವನ್ನೇ. ಕೇಳಿ ಬೇಸತ್ತವರು ಹೇಳಿದ ಅರ್ಥ ಅದು, ಆಡಿದವರದಲ್ಲ.

ಆಡಿದವರನ್ನು ಕೂತು ಕೇಳಿದವರು ಹಲಸಂಗಿಯ ಗೆಳೆಯರು. ಹಲಸಂಗಿ ಆಗ ಇಂಡಿ ತಾಲ್ಲೂಕಿನ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ: ಇವರ ಬಳಗ ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡಿತು. 1931ರಲ್ಲಿ ‘ಗರತಿಯ ಹಾಡು’ ಹೊರಬಂತು. ನಮ್ಮ ಆಯಿ ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತರೆ ತವರು, ಅಣ್ಣ, ಅತ್ತೆಯ ಕಾಟ, ಸತ್ತ ಕೂಸು ಎಲ್ಲವೂ ಜೋಳದ ಹಿಟ್ಟಿನ ಜೊತೆಗೇ ಹೊರಗೆ ಬರುತ್ತಿದ್ದವು. ಹಗಲಿನಲ್ಲಿ ಅದನ್ನೇ ಮಾತಾಗಿ ಆಡಿದರೆ ಬೈಗುಳ ತಪ್ಪುತ್ತಿರಲಿಲ್ಲ. ಕಲ್ಲಿನ ಸಪ್ಪಳದೊಳಗೆ ಆಕೆಯನ್ನು ತಡೆಯುವವರಿರಲಿಲ್ಲ. ಆ ಪುಸ್ತಕವನ್ನು ನಾನು ಓದುವುದು ಕವಿತೆಯ ಆಸೆಗಿಂತ ಹೆಚ್ಚಾಗಿ ಆ ದನಿಗಾಗಿ.

ಆಡಿದ ಮಾತಿಗೆ ಬೆಲೆ ಕೊಟ್ಟ ಇನ್ನೂ ಹಳೆಯ ಪರಂಪರೆಯೊಂದು ಇದೇ ಜಿಲ್ಲೆಗೆ ಸೇರಿದ್ದು. ಇಲ್ಲಿನ ಬಸವನ ಬಾಗೇವಾಡಿ ಬಸವಣ್ಣ ಹುಟ್ಟಿದ ಊರು. ಹನ್ನೆರಡನೆಯ ಶತಮಾನದಲ್ಲಿ ಆತನೂ ಆತನ ಸಂಗಡಿಗರೂ ಕಟ್ಟಿದ ಸಾಹಿತ್ಯದ ಹೆಸರೇ ವಚನ, ಅಂದರೆ ಆಡಿದ ಮಾತು. ಅಲ್ಲಿ ಅಕ್ಕಮಹಾದೇವಿಯಿದ್ದಾಳೆ, ಕಸ ಗುಡಿಸುತ್ತಿದ್ದ ಸತ್ಯಕ್ಕನೂ ಇದ್ದಾಳೆ. ಈ ವಚನಗಳ ಓಲೆಗಳನ್ನು ಹುಡುಕಿ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕೂತು ಸಂಪಾದಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟವಾಯಿತು.

ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಹಾಡಿಕೆಗೆ ಕೂತವರಿಗೆ ಇನ್ನೊಂದು ಸಂಗತಿ ಗೊತ್ತಿದೆ. ಹರದೇಶಿ ಮೇಳ ಶಿವ ದೊಡ್ಡವನು, ಗಂಡು ಹೆಚ್ಚು ಎನ್ನುತ್ತದೆ. ನಾಗೇಶಿ ಶಕ್ತಿಯ ಪಕ್ಷ, ಹೆಣ್ಣು ಹೆಚ್ಚು ಎನ್ನುತ್ತದೆ. ದಪ್ಪು, ತುಂತುಣಿಯ ನಡುವೆ ಸವಾಲಿಗೆ ಜವಾಬು, ಜವಾಬಿಗೆ ಮತ್ತೆ ಸವಾಲು. ಪುರಾಣ ಗೊತ್ತಿರಬೇಕು, ಮಾತು ಚುರುಕಿರಬೇಕು, ಎದುರಿನವರ ಪದದ ಎಳೆ ಹಿಡಿದೇ ತಿರುಗಿ ಹೊಡೆಯಬೇಕು. ನಾಗೇಶಿಯವಳು ಹೀಗೆ ಗಂಡಸಿನ ಬಾಯಿ ಕಟ್ಟಿಸಿದಾಗ ಕೂತ ಮಂದಿಯಲ್ಲಿ ಬಾಯಿಬಡಕಿ ಎನ್ನುವವರು ಯಾರೂ ಇಲ್ಲ. ಶಾಬಾಸ್ ಎಂದು ಎದ್ದು ಬಕ್ಷೀಸು ಕೊಡುತ್ತಾರೆ, ಇನ್ನೊಂದು ಪದ ಹಾಡವ್ವಾ ಎನ್ನುತ್ತಾರೆ.