ಧರಿಸಬಹುದಾದ ಉಸಿರಾಟ ಸಂವೇದಕ

ಧರಿಸಬಹುದಾದ ಉಸಿರಾಟ ಸಂವೇದಕವು ವ್ಯಕ್ತಿಯ ಉಸಿರಾಟದ ದರ ಮತ್ತು ಲಯವನ್ನು ನಿರಂತರವಾಗಿ ಅಳೆಯುವ ಕಿರು ವಿದ್ಯುನ್ಮಾನ ಸಾಧನ. ಇದನ್ನು ಎದೆಪಟ್ಟಿ, ಅಂಟುಪಟ್ಟಿ ಅಥವಾ ಉಡುಪಿನ ಭಾಗವಾಗಿ ಧರಿಸಲಾಗುತ್ತದೆ. ಅಳತೆಗಳು ಅಲ್ಪ ವಿದ್ಯುತ್ ಬಳಸುವ ನಿಸ್ತಂತು ಸಂಪರ್ಕದ ಮೂಲಕ ಮೊಬೈಲ್ ಫೋನಿಗೆ ಅಥವಾ ಆಸ್ಪತ್ರೆಯ ಮಾನಿಟರ್‌ಗೆ ರವಾನೆಯಾಗುತ್ತವೆ.

ಹಿನ್ನೆಲೆ

ವಿಶ್ರಾಂತಿಯಲ್ಲಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಈ ದರದಲ್ಲಿನ ಏರಿಳಿತವು ರೋಗಿಯ ಸ್ಥಿತಿ ಹದಗೆಡುತ್ತಿರುವುದರ ಮೊದಲ ಸೂಚನೆಗಳಲ್ಲೊಂದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕಪದ್ಧತಿಯಲ್ಲಿ, ದರವು 25 ಅಥವಾ ಹೆಚ್ಚು, ಇಲ್ಲವೆ 8 ಅಥವಾ ಕಡಿಮೆ ಇದ್ದರೆ ಗರಿಷ್ಠ 3 ಅಂಕ ನೀಡಲಾಗುತ್ತದೆ. ಕೆಮ್ಮಿನಿಂದ ಬಳಲುವ ಮಗುವಿನಲ್ಲಿ ನ್ಯುಮೋನಿಯಾ ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯೂ ಉಸಿರಾಟದ ವೇಗವನ್ನೇ ಆಧರಿಸುತ್ತದೆ: 2ರಿಂದ 11 ತಿಂಗಳ ಶಿಶುಗಳಲ್ಲಿ ನಿಮಿಷಕ್ಕೆ 50, 1ರಿಂದ 5 ವರ್ಷದವರಲ್ಲಿ 40 ಅಥವಾ ಹೆಚ್ಚು.

ಎದೆಯ ಏರಿಳಿತವನ್ನು ಕಣ್ಣಿನಿಂದ ನೋಡಿ ಎಣಿಸುವ ರೂಢಿಯಲ್ಲಿ, ಎರಡು ಎಣಿಕೆಗಳ ನಡುವೆ ಉಂಟಾಗುವ ಬದಲಾವಣೆ ದಾಖಲಾಗುವುದಿಲ್ಲ. ಈ ಕೊರತೆಯನ್ನು ತುಂಬುವುದು ಸಂವೇದಕದ ಉದ್ದೇಶ.

ಅಳತೆಯ ವಿಧಾನಗಳು

- ಪ್ರೇರಕ ಪಟ್ಟಿಗಳು: ಎದೆ ಮತ್ತು ಹೊಟ್ಟೆಯ ಸುತ್ತ ತಂತಿ ಹೆಣೆದ ಎರಡು ಪಟ್ಟಿಗಳನ್ನು ಕಟ್ಟಲಾಗುತ್ತದೆ. ಅವು ಹಿಗ್ಗಿ ಕುಗ್ಗಿದಂತೆ ತಂತಿಯ ಪ್ರೇರಕತ್ವ ಬದಲಾಗುತ್ತದೆ.
- ವಿದ್ಯುತ್ ಪ್ರತಿಬಾಧೆ: ಎದೆಗೆ ಅಂಟಿಸಿದ ಇಲೆಕ್ಟ್ರೋಡುಗಳ ನಡುವೆ ಅತ್ಯಲ್ಪ ಪ್ರಮಾಣದ ಅಧಿಕ ಆವರ್ತನದ ವಿದ್ಯುತ್ ಹರಿಸಲಾಗುತ್ತದೆ. ಶ್ವಾಸಕೋಶದಲ್ಲಿ ಗಾಳಿ ತುಂಬಿದಾಗ ಪ್ರತಿಬಾಧೆ ಹೆಚ್ಚುತ್ತದೆ.
- ಚಲನ ಸಂವೇದಕ: ಎದೆಗೂಡಿನ ಸೂಕ್ಷ್ಮ ಚಲನೆಯನ್ನು ಆಕ್ಸೆಲೆರೋಮೀಟರ್ ಗ್ರಹಿಸುತ್ತದೆ.
- ಉಷ್ಣ ಸಂವೇದಕ: ಮೂಗಿನ ಬಳಿ ಒಳಬರುವ ತಂಪು ಗಾಳಿ ಮತ್ತು ಹೊರಹೋಗುವ ಬೆಚ್ಚನೆಯ ಗಾಳಿಯ ವ್ಯತ್ಯಾಸವನ್ನು ಥರ್ಮಿಸ್ಟರ್ ಗುರುತಿಸುತ್ತದೆ.

ವಿದ್ಯುತ್ ಬಳಕೆ ಮತ್ತು ಸಂವಹನ

ಇಂತಹ ಸಾಧನಗಳಲ್ಲಿ ಸಾಮಾನ್ಯವಾಗಿ ಹೆಚ್ಚು ವಿದ್ಯುತ್ ಬಳಸುವ ಭಾಗ ರೇಡಿಯೊ. ಉಸಿರಾಟವು ನಿಧಾನಗತಿಯ ಸಂಕೇತವಾದ್ದರಿಂದ ಸೆಕೆಂಡಿಗೆ ಕೆಲವೇ ಹತ್ತು ಮಾದರಿಗಳು ಸಾಕಾಗುತ್ತವೆ. ಸಾಧನದಲ್ಲೇ ದರವನ್ನು ಲೆಕ್ಕಹಾಕಿ ಫಲಿತಾಂಶವನ್ನಷ್ಟೇ ಕಳುಹಿಸಿ, ಉಳಿದ ಸಮಯ ರೇಡಿಯೊವನ್ನು ನಿದ್ರಾಸ್ಥಿತಿಯಲ್ಲಿ ಇರಿಸಿದರೆ ವಿದ್ಯುತ್ ಉಳಿಯುತ್ತದೆ. ಸರಾಸರಿ 50 ಮೈಕ್ರೊಆಂಪಿಯರ್ ಬಳಸುವ ಸಾಧನವು 225 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ನಾಣ್ಯಾಕಾರದ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 4,500 ಗಂಟೆ, ಅಂದರೆ ಸುಮಾರು ಆರು ತಿಂಗಳು ನಡೆಯಬಲ್ಲದು.

2010ರಲ್ಲಿ ಬ್ಲೂಟೂತ್ 4.0ರೊಂದಿಗೆ ಬಂದ ಬ್ಲೂಟೂತ್ ಲೋ ಎನರ್ಜಿ ಈ ಕ್ಷೇತ್ರದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಾರ್ಯನಿರ್ವಹಿಸುತ್ತದೆ. ನೀರಿನಂಶವಿರುವ ಮಾನವ ದೇಹವು ಈ ತರಂಗಗಳನ್ನು ಹೀರುವುದರಿಂದ, ಧರಿಸಿದವರು ಮಗ್ಗುಲು ಬದಲಿಸಿದಾಗ ಸಂಕೇತ ಕ್ಷೀಣಿಸಬಹುದು.

ಮಿತಿಗಳು

ನಡಿಗೆ, ಮಾತು ಮತ್ತು ಕೆಮ್ಮು ಅಳತೆಯಲ್ಲಿ ದೋಷ ಉಂಟುಮಾಡುತ್ತವೆ. ಇದಕ್ಕಿಂತ ಗಂಭೀರವಾದುದು ನಿದ್ರೆಯಲ್ಲಿನ ಅಡಚಣೆಯ ಉಸಿರುಗಟ್ಟುವಿಕೆ. ಈ ಸ್ಥಿತಿಯಲ್ಲಿ ಗಂಟಲಿನ ಮಾರ್ಗ ಮುಚ್ಚಿ ಗಾಳಿಯ ಹರಿವು 10 ಸೆಕೆಂಡ್ ಅಥವಾ ಹೆಚ್ಚು ಕಾಲ ನಿಂತರೂ ಎದೆ ಮತ್ತು ಹೊಟ್ಟೆ ಚಲಿಸುತ್ತಲೇ ಇರುತ್ತವೆ. ಆದ್ದರಿಂದ ಚಲನೆಯನ್ನು ಮಾತ್ರ ಗ್ರಹಿಸುವ ಸಾಧನವು ಉಸಿರಾಟ ಸಹಜವಾಗಿದೆ ಎಂದು ತೋರಿಸಬಹುದು. ಎರಡು ಪಟ್ಟಿಗಳ ಚಲನೆ ಪರಸ್ಪರ ವಿರುದ್ಧವಾಗಿರುವುದನ್ನು ಹೋಲಿಸುವುದು, ಜೊತೆಗೆ ಗಾಳಿಯ ಹರಿವು ಮತ್ತು ರಕ್ತದ ಆಮ್ಲಜನಕವನ್ನು ಅಳೆಯುವುದು ಇದಕ್ಕೆ ಪರಿಹಾರ.

ಶಿಶುಗಳ ಹಠಾತ್ ಮರಣದ ಅಪಾಯ ತಗ್ಗಿಸುವ ಉಪಾಯವಾಗಿ ಮನೆಬಳಕೆಯ ಹೃದಯ-ಉಸಿರಾಟ ಮಾನಿಟರ್‌ಗಳನ್ನು ಅವಲಂಬಿಸಬಾರದೆಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಲಹೆ ನೀಡಿದೆ. ಶಿಶುವನ್ನು ಅಂಗಾತ ಮಲಗಿಸುವಂತಹ ಸುರಕ್ಷಿತ ನಿದ್ರಾಕ್ರಮಗಳಿಗೆ ಇವು ಬದಲಿಯಲ್ಲ.